ಬಣ್ಣವೇ ಕಾಣದ ಸ್ಕ್ವಿಡ್ ಮೈಬಣ್ಣ ಬದಲಿಸುವುದು ಹೇಗೆ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೊನ್ನೆ ತರಗತಿಯಲ್ಲಿ ಒಂದು ವಿಡಿಯೋ ತೋರಿಸಿದೆ. ಆಗ ತಾನೇ ಸತ್ತ ಸ್ಕ್ವಿಡ್ (ಆಕ್ಟೋಪಸ್ ಜಾತಿಗೆ ಹತ್ತಿರದ, ಸಮುದ್ರದ ಮೃದ್ವಂಗಿ) ಒಂದರ ಮೈಯನ್ನು ಬೆರಳಿನಿಂದ ಮುಟ್ಟುತ್ತಾರೆ, ಮುಟ್ಟಿದಲ್ಲೆಲ್ಲ ಕೆಂಪು, ಕಂದು ಚುಕ್ಕಿಗಳು ಅರಳಿ ಮುದುಡುತ್ತವೆ. ಅರ್ಧ ಮಕ್ಕಳು ‘ಅದು ಸತ್ತಿಲ್ಲ ಸಾರ್, ಅದಕ್ಕೆ ನೋವಾಗ್ತಿದೆ’ ಎಂದರು. ನಾನು, ಗೋಸುಂಬೆಯ ಹಾಗೆ ಇದೂ ಸುತ್ತಲಿನ ಬಣ್ಣ ನೋಡಿ ತನ್ನ ಬಣ್ಣ ಬದಲಿಸುತ್ತದೆ ಎಂದು ಹೇಳಿದೆ. ಆಗ ಒಬ್ಬಳು ಹುಡುಗಿ ಎದ್ದು ‘ಸ್ಕ್ವಿಡ್‌ಗೆ ಬಣ್ಣವೇ ಕಾಣಲ್ಲ ಅಂತ ಓದಿದ್ದೀನಿ’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅದರ ಚರ್ಮವೇ ನೋಡುತ್ತದೆ, ಚರ್ಮವೇ ಯೋಚಿಸುತ್ತದೆ ಎಂದೂ ಕೆಲವರು ಬರೆಯುತ್ತಾರೆ. ಯಾವುದು ನಿಜ? ಇನ್ನೂ ಒಂದು. ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸುವ ಆಸೆ ಇದೆ. ತೊಟ್ಟಿಯಲ್ಲಿ ಸಾಕಬಹುದೇ? ಸತ್ತ ಸ್ಕ್ವಿಡ್‌ಗೆ ಬ್ಯಾಟರಿ ತಾಗಿಸಿ ತೋರಿಸುವುದು ತಪ್ಪೇ?

ಉತ್ತರ:

ಆ ಹುಡುಗಿ ಹೇಳಿದ್ದು ಸರಿ. ಸ್ಕ್ವಿಡ್‌ಗೆ ನಮ್ಮ ಹಾಗೆ ಬಣ್ಣ ಕಾಣುವುದಿಲ್ಲ. ಅದರ ದಾಯಾದಿಗಳಾದ ಕಟಲ್‌ಫಿಶ್, ಆಕ್ಟೋಪಸ್‌ಗಳಿಗೂ ಅಷ್ಟೇ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸಲು ಮೂರು ಬಗೆಯ ಕೋನ್ ಕೋಶಗಳಿವೆ. ಸ್ಕ್ವಿಡ್ ಮತ್ತು ಅದರ ದಾಯಾದಿಗಳಲ್ಲಿ ಹೆಚ್ಚಿನವಕ್ಕೆ ಬೆಳಕು ಹಿಡಿಯುವ ದ್ರವ್ಯ ಇರುವುದು ಒಂದೇ ಬಗೆ, ಅದೂ ಸುಮಾರು 490-500 ನ್ಯಾನೋಮೀಟರಿನ ನೀಲಿ-ಹಸಿರು ಬೆಳಕಿಗೆ ಚೆನ್ನಾಗಿ ಸ್ಪಂದಿಸುವಂಥದ್ದು. ಒಂದೇ ಬಗೆ ಇದ್ದರೆ ಬೆಳಕು ಜಾಸ್ತಿಯೋ ಕಡಿಮೆಯೋ ಅಂತ ಗೊತ್ತಾಗುತ್ತದೆ, ಕೆಂಪೋ ಹಸಿರೋ ಅಂತ ಗೊತ್ತಾಗಲ್ಲ. (ಜಪಾನಿನ ಸಮುದ್ರದಲ್ಲಿ ಮಿಂಚುಹುಳದಂತೆ ಮಿನುಗುವ ವಾಟಸೇನಿಯಾ ಎಂಬ ಪುಟ್ಟ ಸ್ಕ್ವಿಡ್ ಇದೆ. ಅದರ ಕಣ್ಣಲ್ಲಿ ಮೂರು ಬಗೆಯ ದ್ರವ್ಯ ಇದೆ. ಅದೊಂದು ಅಪವಾದ.)

ಇದನ್ನು ಪರೀಕ್ಷಿಸಿದ ರೀತಿ ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ. ಕಟಲ್‌ಫಿಶ್ ಒಂದನ್ನು ಕಪ್ಪು-ಬಿಳಿ ಚದುರಂಗದ ಹಾಸಿನ ಮೇಲೆ ಬಿಟ್ಟರೆ ಅದು ಬೆನ್ನ ಮೇಲೆ ದಪ್ಪ ಬಿಳಿ ಪಟ್ಟೆ, ಕಪ್ಪು ಪಟ್ಟೆ ತಂದುಕೊಳ್ಳುತ್ತದೆ. 2006ರಲ್ಲಿ ಸಂಶೋಧಕರು ಹಳದಿ-ನೀಲಿ ಚೌಕಗಳ ಹಾಸು ಮಾಡಿದರು. ಎರಡೂ ಬಣ್ಣಗಳ ಹೊಳಪು ಆ ಪ್ರಾಣಿಯ ಕಣ್ಣಿಗೆ ಸರಿಸಮ ಆಗುವಂತೆ ಹೊಂದಿಸಿದ್ದರು. ನಮಗೆ ಎದ್ದು ಕಾಣುವ ಆ ಚದುರಂಗದ ಮೇಲೆ ಕಟಲ್‌ಫಿಶ್ ಪಟ್ಟೆಗಿಟ್ಟೆ ಏನೂ ತರದೆ, ಸಪಾಟಾದ ಮರಳಿನ ಮೇಲೆ ಕೂತ ಹಾಗೆ ಕೂತಿತು. ಅದಕ್ಕೆ ಚೌಕಗಳೇ ಕಂಡಿರಲಿಲ್ಲ.

ಹಾಗಂತ ನೀವು ಹೇಳಿದ್ದು ಪೂರ್ತಿ ತಪ್ಪಲ್ಲ. ‘ನೋಡಿ ಬದಲಿಸುತ್ತದೆ’ ಎನ್ನುವುದು ಸರಿ, ‘ಬಣ್ಣ ನೋಡಿ’ ಎನ್ನುವುದು ಮಾತ್ರ ತಪ್ಪು. ಅದು ನೋಡುವುದು ಹೊಳಪು, ಅಂಚು, ಕಲ್ಲು ಎಷ್ಟು ದೊಡ್ಡದು, ನೆರಳು ಎಲ್ಲಿದೆ, ಇಂಥದ್ದನ್ನು. ಗೋಸುಂಬೆಯ ಹೋಲಿಕೆಯನ್ನಂತೂ ಬಿಟ್ಟುಬಿಡಿ. ಮಾತಿನಲ್ಲಿ ಗೋಸುಂಬೆಗೆ ಕೆಟ್ಟ ಹೆಸರು ಬಂದಿದೆಯೇ ಹೊರತು ಪಾಪ ಅದೂ ಕೂತ ಜಾಗದ ಬಣ್ಣವನ್ನು ನಕಲು ಹೊಡೆಯುವ ಪ್ರಾಣಿಯಲ್ಲ. ಎದುರಾಳಿ ಕಂಡಾಗ, ಸಂಗಾತಿ ಕಂಡಾಗ, ಮೈ ಬಿಸಿ ತಣ್ಣಗಾಗಬೇಕಾದಾಗ ಅದರ ಬಣ್ಣ ಬದಲಾಗುತ್ತದೆ. ಅದರ ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳಿವೆ, ಅವು ಹತ್ತಿರ ದೂರ ಸರಿದಂತೆ ಬಣ್ಣ ಬೇರೆಯಾಗುತ್ತದೆ. ಇದಕ್ಕೆ ನಿಮಿಷಗಳು ಬೇಕು. ಸ್ಕ್ವಿಡ್‌ಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಈ ವೇಗ ಹೇಗೆ ಬಂತು ಅನ್ನುವುದೇ ಮುಖ್ಯ ವಿಷಯ. ಸ್ಕ್ವಿಡ್ ಬಣ್ಣವನ್ನು ತಯಾರಿಸುವುದಿಲ್ಲ. ಬಣ್ಣ ಮೊದಲೇ ಚರ್ಮದಲ್ಲಿ ತುಂಬಿಟ್ಟಿರುತ್ತದೆ. ಅದನ್ನು ತೋರಿಸುವುದು, ಮುಚ್ಚಿಡುವುದು ಅಷ್ಟೇ ಅದರ ಕೆಲಸ. ಮತ್ತು ಆ ಕೆಲಸ ಮಾಡುವುದು ಸ್ನಾಯುಗಳು.

ಸ್ಕ್ವಿಡ್‌ನ ಚರ್ಮದ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಮೊದಲು ಕಾಣುವುದು ಕ್ರೊಮ್ಯಾಟೋಫೋರ್‌ಗಳು. ಪ್ರತಿಯೊಂದರ ನಡುವೆ ಬಣ್ಣ ತುಂಬಿದ, ಹಿಗ್ಗಿ ಕುಗ್ಗುವ ಒಂದು ಚೀಲ. ಅದರ ಸುತ್ತ ಸುಮಾರು 15ರಿಂದ 25 ಸ್ನಾಯು ಎಳೆಗಳು, ಸೂರ್ಯನ ಕಿರಣ ಬಿಡಿಸಿದ ಹಾಗೆ ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಎಳೆಗಳು ಸೆಟೆದಾಗ ಚೀಲ ಎಲ್ಲ ಕಡೆಗೂ ಎಳೆಯಲ್ಪಟ್ಟು ಚಪ್ಪಟೆ ಬಿಲ್ಲೆಯಾಗುತ್ತದೆ, ಬಣ್ಣ ಹರಡಿ ಕಾಣುತ್ತದೆ. ಎಳೆಗಳು ಸಡಿಲಾದರೆ ಚೀಲ ತಾನಾಗಿಯೇ ಮುದುಡಿ ಸೂಜಿಮೊನೆಯಷ್ಟು ಚುಕ್ಕಿಯಾಗುತ್ತದೆ, ಚರ್ಮ ಬಿಳಿಚಿಕೊಂಡಂತೆ ಕಾಣುತ್ತದೆ. ಸ್ಕ್ವಿಡ್‌ನಲ್ಲಿ ಈ ಬಿಲ್ಲೆಗಳು ಆಕ್ಟೋಪಸ್‌ನವಕ್ಕಿಂತ ದೊಡ್ಡವು, ಪೂರ್ತಿ ಅರಳಿದಾಗ ಕೆಲವು ಒಂದು ಮಿಲಿಮೀಟರಿನಷ್ಟಾಗಿ ಬರಿಗಣ್ಣಿಗೇ ಬಿಡಿಬಿಡಿಯಾಗಿ ಕಾಣುತ್ತವೆ. ಮೇಲ್ಪದರದಲ್ಲಿ ಹಳದಿ, ಕೆಳಗೆ ಕೆಂಪು, ಅದರ ಕೆಳಗೆ ಕಂದು. ಬಣ್ಣದ ಚೀಲಗಳು ಇಷ್ಟೇ ಬಗೆ. ನೀಲಿ ಚೀಲ ಇಲ್ಲ, ಹಸಿರು ಚೀಲ ಇಲ್ಲ.

ಈ ಸ್ನಾಯುಗಳಿಗೆ ಬರುವ ನರಗಳು ನೇರವಾಗಿ ಮಿದುಳಿನಿಂದ ಬರುತ್ತವೆ. ನಡುವೆ ಎಲ್ಲೂ ಇನ್ನೊಂದು ನರಕೋಶಕ್ಕೆ ಸುದ್ದಿ ದಾಟಿಸಿ, ಅದು ಮುಂದಕ್ಕೆ ದಾಟಿಸಿ, ಅಂತ ಇಲ್ಲ. ಕಣ್ಣು ನೋಡಿದ್ದನ್ನು ಮಿದುಳಿನ ದೃಷ್ಟಿ ಭಾಗ ಅಳೆಯುತ್ತದೆ, ಕೊನೆಗೆ ಕ್ರೊಮ್ಯಾಟೋಫೋರ್ ಭಾಗದ ನರಕೋಶಗಳಿಗೆ ಆಜ್ಞೆ ಹೋಗುತ್ತದೆ, ಅಲ್ಲಿಂದ ಹೊರಟ ಉದ್ದನೆ ತಂತು ಸೀದಾ ಚರ್ಮದ ಸ್ನಾಯುವಿಗೆ. ಅರಳಿಸುವ ರಾಸಾಯನಿಕ ಗ್ಲುಟಮೇಟ್, ಸಡಿಲಿಸುವುದು ಸೆರೊಟೋನಿನ್. ಒಂದು ಬದಿಗೆ ಹೋಗುವ ನರವನ್ನು ಕತ್ತರಿಸಿದರೆ ಆ ಬದಿಯ ಚರ್ಮವಿಡೀ ತಕ್ಷಣ ಬಿಳಿಚಿಕೊಳ್ಳುತ್ತದೆ, ಇನ್ನೊಂದು ಬದಿ ಎಂದಿನಂತೆ ಆಟ ಆಡುತ್ತಿರುತ್ತದೆ. ಚರ್ಮವೇ ಯೋಚಿಸುತ್ತದೆ ಅನ್ನುವವರು ಈ ಪ್ರಯೋಗವನ್ನು ಮರೆತುಬಿಡುತ್ತಾರೆ.

ಹಾಗಾದರೆ ಸ್ಕ್ವಿಡ್ ಮೈಯಲ್ಲಿ ಮಿನುಗುವ ಹಸಿರು, ನೀಲಿ, ಬಂಗಾರದ ಹೊಳಪು ಎಲ್ಲಿಂದ? ಕ್ರೊಮ್ಯಾಟೋಫೋರ್‌ಗಳ ಕೆಳಗಿರುವ ಇರಿಡೋಫೋರ್ ಕೋಶಗಳಿಂದ. ಇವುಗಳಲ್ಲಿ ಬಣ್ಣದ ಪುಡಿ ಅಂತ ಏನೂ ಇಲ್ಲ. ರಿಫ್ಲೆಕ್ಟಿನ್ ಎಂಬ ಪ್ರೋಟೀನಿನ ತೆಳು ಹಾಳೆಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ಸೋಪಿನ ಗುಳ್ಳೆಯ ಮೇಲೆ ಕಾಮನಬಿಲ್ಲು ಕಾಣಿಸುತ್ತದಲ್ವಾ, ಕಾರಣ ಇಲ್ಲೂ ಅದೇ. ಹಾಳೆ ಎಷ್ಟು ದಪ್ಪ, ನಡುವಿನ ಸಂದು ಎಷ್ಟು ಅನ್ನುವುದರ ಮೇಲೆ ಯಾವ ಬಣ್ಣದ ಬೆಳಕು ಬಲವಾಗಿ ತಿರುಗಿ ಬರಬೇಕು ಅನ್ನುವುದು ತೀರ್ಮಾನವಾಗುತ್ತದೆ. ರಿಫ್ಲೆಕ್ಟಿನ್ ಅನ್ನು ಗುರುತಿಸಿ ಹೆಸರಿಟ್ಟಿದ್ದು 2004ರಲ್ಲಿ, ಹವಾಯಿಯ ಬಾಬ್‌ಟೇಲ್ ಸ್ಕ್ವಿಡ್‌ನಲ್ಲಿ.

ಲೊಲಿಜಿನಿಡ್ ಎಂಬ ಕುಟುಂಬದ ಸ್ಕ್ವಿಡ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅವು ಈ ಹಾಳೆಗಳ ದಪ್ಪವನ್ನೇ ಬದಲಿಸುತ್ತವೆ. ನರದ ತುದಿಯಿಂದ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ ಬಂದಾಗ ರಿಫ್ಲೆಕ್ಟಿನ್ ಒತ್ತಾಗುತ್ತದೆ, ಹಾಳೆಯೊಳಗಿನ ನೀರು ಹೊರಗೆ ಹೋಗುತ್ತದೆ, ಹಾಳೆ ತೆಳ್ಳಗಾಗುತ್ತದೆ. ಆಗ ತಿರುಗಿ ಬರುವ ಬೆಳಕು ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ಸರಿಯುತ್ತದೆ. ಈ ಚರ್ಮದ ಚೂರಿನ ಮೇಲೆ ಅಸಿಟೈಲ್‌ಕೊಲಿನ್ ಹನಿ ಬಿಟ್ಟು ನೋಡುವುದು ನನ್ನ ವೃತ್ತಿಯಲ್ಲಿ ಎಷ್ಟು ಸಲ ಮಾಡಿದರೂ ಬೇಸರ ತರದ ಕೆಲಸ. ಮೊದಲು ಏನೂ ಇರುವುದಿಲ್ಲ, ಬರೀ ಪಾರದರ್ಶಕ ಚರ್ಮ. ಆಮೇಲೆ ಎಲ್ಲಿಂದಲೋ ಬಂದ ಹಾಗೆ ಒಂದು ಕೆಂಪು ಛಾಯೆ, ನಿಧಾನಕ್ಕೆ ಅದು ಕಿತ್ತಳೆ, ಹಸಿರು, ನೀಲಿ ಆಗುತ್ತಾ ಹೋಗುತ್ತದೆ. ಇದಕ್ಕೆ ಸೆಕೆಂಡುಗಳು, ಕೆಲವೊಮ್ಮೆ ನಿಮಿಷಗಳು ಬೇಕು, ಸ್ನಾಯುವಿನ ವೇಗ ಇಲ್ಲಿಲ್ಲ. ಮೇಲಿನ ಹಳದಿ ಬಿಲ್ಲೆ ಕೆಳಗಿನ ನೀಲಿ ಹೊಳಪಿನ ಮೇಲೆ ಅರಳಿದರೆ ಹಸಿರು ಕಾಣುತ್ತದೆ, ಕಂದು ಅರಳಿದರೆ ಹೊಳಪೇ ಮುಚ್ಚಿಹೋಗುತ್ತದೆ. ಈ ಎರಡು ಪದರಗಳ ಆಟದಿಂದಲೇ ಇಷ್ಟೆಲ್ಲ ಬಣ್ಣ.

ಬಣ್ಣ ಕಾಣದೆಯೂ ಅದು ಹೇಗೆ ಬಚಾವಾಗುತ್ತದೆ ಅನ್ನುವುದಕ್ಕೂ ಉತ್ತರದ ದೊಡ್ಡ ಪಾಲು ಈ ಕೆಳಪದರದಲ್ಲಿದೆ. ಕನ್ನಡಿಯಂಥ ಪದರ ಸುತ್ತಲಿನ ಬೆಳಕನ್ನೇ ತಿರುಗಿಸಿ ಕಳಿಸುತ್ತದೆ. ಸುತ್ತ ಹಸಿರು ನೀರಿದ್ದರೆ ಮೈಯೂ ಹಸಿರು. ಸ್ಕ್ವಿಡ್‌ಗೆ ಆ ಬಣ್ಣ ಗೊತ್ತಿರಬೇಕಾಗಿಲ್ಲ. ಇನ್ನು ನೀರಿನಲ್ಲಿ ಆಳಕ್ಕೆ ಹೋದಂತೆ ಕೆಂಪು ಬೆಳಕು ಮೊದಲು ಸೋರಿಹೋಗುತ್ತದೆ, ಉಳಿಯುವುದು ನೀಲಿ-ಹಸಿರು. ಅಲ್ಲಿ ಬಣ್ಣ ಹೊಂದಿಸುವುದಕ್ಕಿಂತ ಹೊಳಪು ಹೊಂದಿಸುವುದೇ ಮುಖ್ಯ, ಅದನ್ನು ಅದರ ಕಣ್ಣು ಚೆನ್ನಾಗಿಯೇ ಮಾಡುತ್ತದೆ. ಕಣ್ಣಿನ ವಿಚಿತ್ರ ಆಕಾರದ ಪಾಪೆಯಿಂದ ಬೇರೆ ಬೇರೆ ಬಣ್ಣ ಬೇರೆ ಬೇರೆ ದೂರದಲ್ಲಿ ಫೋಕಸ್ ಆಗುವುದನ್ನು ಬಳಸಿ ಅವು ಬಣ್ಣ ಊಹಿಸಬಹುದು ಎಂದು 2016ರಲ್ಲಿ ಒಂದು ವಾದ ಬಂತು. ಜಾಣ ವಾದ. ಆದರೆ ಅದು ಇನ್ನೂ ವಾದವೇ, ತರಗತಿಯಲ್ಲಿ ಸಾಬೀತಾದದ್ದು ಅಂತ ಹೇಳಬೇಡಿ.

ಚರ್ಮಕ್ಕೆ ಕಣ್ಣಿದೆ ಅನ್ನುವ ಸುದ್ದಿ ಪೂರ್ತಿ ಸುಳ್ಳಲ್ಲ, ಸುಮ್ನೆ ಉಬ್ಬಿಸಿದ್ದು. 2015ರಲ್ಲಿ ಆಕ್ಟೋಪಸ್ ಚರ್ಮದ ಚೂರನ್ನು ದೇಹದಿಂದ ಬೇರ್ಪಡಿಸಿ ಬೆಳಕು ಬಿಟ್ಟಾಗ ಕ್ರೊಮ್ಯಾಟೋಫೋರ್‌ಗಳು ತಾವಾಗಿ ಅರಳಿದವು. ಕಣ್ಣಿನಲ್ಲಿರುವಂಥ ಬೆಳಕು ಹಿಡಿಯುವ ಪ್ರೋಟೀನುಗಳು ಸ್ಕ್ವಿಡ್ ಚರ್ಮದಲ್ಲೂ ಸಿಕ್ಕಿವೆ. ಬೆಳಕು ಬಿತ್ತು ಅಂತ ತಿಳಿಯುವುದು ಬೇರೆ, ಎದುರಿಗೆ ಏನಿದೆ ಅಂತ ಚಿತ್ರ ಕಾಣುವುದು ಬೇರೆ. ಪಟ್ಟೆ ಯಾವುದು, ಚುಕ್ಕಿ ಯಾವುದು, ಯಾರಿಗೆ ತೋರಿಸಬೇಕು, ಇದೆಲ್ಲ ಮಿದುಳಿನ ಕೆಲಸ.

‘ಯಾರಿಗೆ’ ಅನ್ನುವುದನ್ನು ಮಕ್ಕಳಿಗೆ ಒತ್ತಿ ಹೇಳಿ. ಬಣ್ಣ ಬದಲಿಸುವುದು ಅಡಗಿಕೊಳ್ಳಲಿಕ್ಕೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸ್ಕ್ವಿಡ್‌ಗಳು ಹೆಚ್ಚಾಗಿ ತೆರೆದ ನೀರಿನಲ್ಲಿ ಗುಂಪಾಗಿ ಬದುಕುವ ಪ್ರಾಣಿಗಳು. ಅವುಗಳ ಬಣ್ಣದಾಟದಲ್ಲಿ ಅರ್ಧಕ್ಕರ್ಧ ಪರಸ್ಪರ ಮಾತುಕತೆ ಅನ್ನುವುದು ನನ್ನ ಅನಿಸಿಕೆ. ಕೆರಿಬಿಯನ್ ರೀಫ್ ಸ್ಕ್ವಿಡ್‌ನ ಗಂಡು, ಒಂದು ಪಕ್ಕದಲ್ಲಿ ಹೆಣ್ಣು, ಇನ್ನೊಂದು ಪಕ್ಕದಲ್ಲಿ ಎದುರಾಳಿ ಗಂಡು ಇದ್ದರೆ, ಹೆಣ್ಣಿನ ಕಡೆಯ ಮೈಯಲ್ಲಿ ಒಲಿಸುವ ಬಣ್ಣ, ಎದುರಾಳಿಯ ಕಡೆಯ ಮೈಯಲ್ಲಿ ಬೆದರಿಸುವ ಬಣ್ಣ, ಎರಡನ್ನೂ ಒಂದೇ ಹೊತ್ತಿಗೆ ತೋರಿಸಬಲ್ಲದು. ಹಂಬೋಲ್ಟ್ ಸ್ಕ್ವಿಡ್‌ಗಳ ಮೈಗೆ ಕ್ಯಾಮೆರಾ ಕಟ್ಟಿ ನೋಡಿದಾಗ, ಅವು ಒಂದನ್ನೊಂದು ಕಂಡಾಗ ಇಡೀ ಮೈಯನ್ನು ಕೆಂಪು-ಬಿಳಿ, ಕೆಂಪು-ಬಿಳಿ ಎಂದು ಸೆಕೆಂಡಿಗೆ ಎರಡರಿಂದ ನಾಲ್ಕು ಬಾರಿ ಮಿಂಚಿಸುವುದು ಕಂಡಿದೆ.

ಅಡಗುವಿಕೆಯಲ್ಲೂ ನನಗೆ ತುಂಬ ಹಿಡಿಸಿದ್ದು ಆಳದ ನೀರಿನ ಒಂದು ಸ್ಕ್ವಿಡ್, ಒನಿಕೊಟ್ಯೂಥಿಸ್. ಮೇಲಿಂದ ಸೋಸಿ ಬರುವ ಮಂದ ಬೆಳಕಿನಲ್ಲಿ ಪಾರದರ್ಶಕವಾಗಿರುವುದು ಲಾಭ. ಆದರೆ ಬೇಟೆಗಾರ ಮೀನು ತನ್ನ ಮೈಯಿಂದಲೇ ನೀಲಿ ಬೆಳಕು ಬೀರುತ್ತಾ ಬಂದರೆ ಪಾರದರ್ಶಕ ಮೈಯೂ ಆ ಬೆಳಕಿಗೆ ಸ್ವಲ್ಪ ಹೊಳೆದುಬಿಡುತ್ತದೆ. ಹಾಗಾಗಿ ನೀಲಿ ಬೆಳಕು ಮೈಮೇಲೆ ಬಿದ್ದ ಕೂಡಲೇ ಅದು ಕ್ರೊಮ್ಯಾಟೋಫೋರ್‌ಗಳನ್ನೆಲ್ಲ ಅರಳಿಸಿ ಕೆಂಪಾಗುತ್ತದೆ, ಬೆಳಕು ಹೋದರೆ ಮತ್ತೆ ಪಾರದರ್ಶಕ. ಕೆಂಪು ಮೈ ನೀಲಿ ಬೆಳಕನ್ನು ನುಂಗಿಬಿಡುತ್ತದೆ, ಬೇಟೆಗಾರನಿಗೆ ಅಲ್ಲಿ ಬರೀ ಕತ್ತಲು ಕಾಣುತ್ತದೆ. ಇದೆಲ್ಲ ಪುಕ್ಕಟೆ ಬರುವುದಿಲ್ಲ. 2024ರಲ್ಲಿ ಒಂದು ಜಾತಿಯ ಆಕ್ಟೋಪಸ್‌ನ ಚರ್ಮ ಬಳಸುವ ಆಮ್ಲಜನಕವನ್ನು ಅಳೆದರು. ಮೈಯ ಎಲ್ಲ ಕ್ರೊಮ್ಯಾಟೋಫೋರ್‌ಗಳನ್ನೂ ಅರಳಿಸಲು, ಆ ಪ್ರಾಣಿ ಸುಮ್ಮನೆ ಕೂತಿದ್ದಾಗ ಇಡೀ ದೇಹ ನಡೆಯಲು ಬೇಕಾಗುವಷ್ಟೇ ಶಕ್ತಿ ಬೇಕಾಗುತ್ತದೆ.

ಈಗ ನಿಮ್ಮ ವಿಡಿಯೋ. ಪ್ರಾಣಿ ಸತ್ತ ಮೇಲೂ ಸ್ವಲ್ಪ ಹೊತ್ತು ಸ್ನಾಯುಗಳಲ್ಲಿ ಶಕ್ತಿ ಉಳಿದಿರುತ್ತದೆ. ಮುಟ್ಟಿದರೆ, ತಟ್ಟಿದರೆ, ಉಪ್ಪು ತಾಗಿದರೆ ಸೆಟೆಯುತ್ತವೆ, ಚುಕ್ಕಿ ಅರಳುತ್ತದೆ. ಮಿದುಳಿನ ಆಜ್ಞೆ ಅದಕ್ಕೆ ಬೇಕಿಲ್ಲ. ಹಾಗಾಗಿ ಚುಕ್ಕಿ ಅರಳಿದ ಮಾತ್ರಕ್ಕೆ ನೋವು ಅಂತಲ್ಲ. ಆದರೆ ಮಕ್ಕಳ ಅನುಮಾನವನ್ನು ತಳ್ಳಿಹಾಕಬೇಡಿ, ಅದು ಬಹಳ ಒಳ್ಳೆಯ ಅನುಮಾನ. ‘ಆಗ ತಾನೇ ಸತ್ತಿದ್ದು’ ಅಂತ ಹಾಕಿರುವ ಎಷ್ಟೋ ವಿಡಿಯೋಗಳಲ್ಲಿ ಅದು ಸತ್ತೇ ಇರುವುದಿಲ್ಲ. ವ್ಯತ್ಯಾಸ ಹೀಗೆ ನೋಡಿ: ಸತ್ತದ್ದರಲ್ಲಿ ಚುಕ್ಕಿಗಳು ಮುಟ್ಟಿದ ಜಾಗದಲ್ಲಿ ಮಾತ್ರ, ಅಡ್ಡಾದಿಡ್ಡಿಯಾಗಿ ಅರಳುತ್ತವೆ. ಬದುಕಿರುವುದರಲ್ಲಿ ಎಡ-ಬಲ ಹೊಂದಿಕೊಂಡ ಪಟ್ಟೆಗಳು ಬರುತ್ತವೆ, ಇಡೀ ಮೈ ಒಮ್ಮೆಲೇ ಕಪ್ಪಾಗಿ ಒಮ್ಮೆಲೇ ಬಿಳಿಯಾಗುತ್ತದೆ, ಮೈಚೀಲ ಉಸಿರಿಗೆ ಉಬ್ಬಿ ಇಳಿಯುತ್ತಿರುತ್ತದೆ. ಅಂಥದ್ದು ಕಂಡರೆ ಮಕ್ಕಳು ಹೇಳಿದ್ದೇ ನಿಜ ಇರಬಹುದು. ಸ್ಕ್ವಿಡ್‌ಗಳಲ್ಲಿ ಗಾಯವನ್ನು ಗ್ರಹಿಸುವ ನರಗಳಿವೆ, ಒಂದು ಕಡೆ ಗಾಯವಾದರೆ ಇಡೀ ಮೈಯ ಆ ನರಗಳು ಸೂಕ್ಷ್ಮವಾಗುತ್ತವೆ. ಯುರೋಪಿಯನ್ ಒಕ್ಕೂಟ 2010ರಲ್ಲೇ ಪ್ರಯೋಗಪ್ರಾಣಿಗಳ ರಕ್ಷಣೆಯ ನಿಯಮಕ್ಕೆ ಇವನ್ನು ಸೇರಿಸಿತು. ಬ್ರಿಟನ್ 2022ರಲ್ಲಿ ಇವಕ್ಕೂ ಅನುಭವಿಸುವ ಶಕ್ತಿ ಇದೆ ಎಂದು ಕಾನೂನಿನಲ್ಲಿ ಒಪ್ಪಿತು.

ಕಣ್ಣಾರೆ ತೋರಿಸುವ ಮಾತಿಗೆ ಬರೋಣ. ತೊಟ್ಟಿಯಲ್ಲಿ ಸಾಕುವ ಯೋಚನೆ ಬಿಡಿ. ಸ್ಕ್ವಿಡ್‌ಗೆ ಗೋಡೆ ಅಂದರೆ ಏನೆಂದು ಗೊತ್ತಿಲ್ಲ. ಬೆದರಿದಾಗ ಹಿಮ್ಮುಖವಾಗಿ ರಭಸದಿಂದ ಚಿಮ್ಮಿ ಗಾಜಿಗೆ ಬಡಿದುಕೊಳ್ಳುತ್ತದೆ, ಆ ತೆಳು ಚರ್ಮ ಕಿತ್ತುಹೋಗುತ್ತದೆ, ಗಾಯ ಕೊಳೆಯುತ್ತದೆ. ನೀರಿನಲ್ಲಿ ಅಮೋನಿಯಾ ಸ್ವಲ್ಪ ಏರಿದರೂ ತಡೆಯುವುದಿಲ್ಲ, ಮುಚ್ಚಿದ ತೊಟ್ಟಿಯಲ್ಲಿ ಶಾಯಿ ಬಿಟ್ಟರೆ ಅದೇ ಅದಕ್ಕೆ ಅಪಾಯ. ಎಲ್ಲ ಸರಿಹೋದರೂ ಬಹುತೇಕ ಜಾತಿಗಳ ಆಯಸ್ಸೇ ಒಂದು ವರ್ಷದ ಆಸುಪಾಸು. ದೊಡ್ಡ ದುಂಡನೆ ತೊಟ್ಟಿ, ಹರಿಯುವ ಸಮುದ್ರದ ನೀರು, ದಿನವಿಡೀ ನೋಡಿಕೊಳ್ಳುವ ಜನ ಇರುವ ಪ್ರಯೋಗಾಲಯಗಳೇ ಒದ್ದಾಡುತ್ತವೆ, ಶಾಲೆಯಲ್ಲಿ ಇದು ಆಗದ ಮಾತು.

ಬ್ಯಾಟರಿಯ ಪ್ರಯೋಗ ಮಾಡಬಾರದ್ದೇನಲ್ಲ. ಸ್ಕ್ವಿಡ್‌ನ ಈಜುರೆಕ್ಕೆಯ ನರಕ್ಕೆ ಮ್ಯೂಸಿಕ್ ಪ್ಲೇಯರಿನ ಸಣ್ಣ ವಿದ್ಯುತ್ ಸಂಕೇತ ಕೊಟ್ಟು, ತಾಳಕ್ಕೆ ಸರಿಯಾಗಿ ಕ್ರೊಮ್ಯಾಟೋಫೋರ್‌ಗಳು ಕುಣಿಯುವುದನ್ನು 2012ರಲ್ಲಿ ಚಿತ್ರೀಕರಿಸಿ ತೋರಿಸಿದ್ದಾರೆ. ಸ್ನಾಯು-ನರದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ನನಗೆ ಗೊತ್ತಿಲ್ಲ. ತೊಂದರೆ ಏನೆಂದರೆ ಅಂಗಾಂಶ ಬಹಳ ತಾಜಾ ಇರಬೇಕು, ಐಸಿನಲ್ಲಿ ದಿನ ಕಳೆದದ್ದರಲ್ಲಿ ಏನೂ ಆಗುವುದಿಲ್ಲ. ತಾಜಾ ಬೇಕೆಂದು ಇದಕ್ಕಾಗಿಯೇ ಒಂದನ್ನು ಕೊಲ್ಲುವುದಾದರೆ, ಅರಿವಳಿಕೆ ಕೊಟ್ಟು ಮಾಡಲು ತಿಳಿದವರಿಲ್ಲದೆ ಬೇಡ. ಬೇರೆ ಕಾರಣಕ್ಕೆ ಸತ್ತದ್ದು ತಾಜಾ ಸಿಕ್ಕಿದರೆ, ಮಿದುಳು ಸತ್ತಿದೆ ಎಂದು ಖಾತ್ರಿ ಆದ ಮೇಲೆ, ಸಣ್ಣ ಬ್ಯಾಟರಿ ಸಾಕು. ಗೋಡೆಯ ಪ್ಲಗ್‌ಗೆ ಸಿಕ್ಕಿಸಿದ ಯಾವ ಯಂತ್ರವನ್ನೂ ಒದ್ದೆ ಉಪ್ಪುನೀರಿನ ಹತ್ತಿರ ತರಬೇಡಿ, ಇದರಲ್ಲಿ ಸ್ಕ್ವಿಡ್‌ಗಿಂತ ಮಕ್ಕಳಿಗೆ ಅಪಾಯ ಜಾಸ್ತಿ.

ನನ್ನನ್ನು ಕೇಳಿದರೆ ಮೈಕ್ರೋಸ್ಕೋಪೇ ಸರಿ. ತಾಜಾ ಅಲ್ಲದ ಚರ್ಮದಲ್ಲೂ ಬಣ್ಣದ ಚೀಲಗಳು ಹಾಗೇ ಉಳಿದಿರುತ್ತವೆ, ಕದಲುವುದಿಲ್ಲ ಅಷ್ಟೇ. ಬೆಳಕನ್ನು ಕೆಳಗಿನಿಂದ ಬಿಟ್ಟಾಗ ಹಳದಿ, ಕೆಂಪು, ಕಂದು ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಕೆಳಗಿನ ಬೆಳಕು ಆರಿಸಿ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಆಗ ಇರಿಡೋಫೋರ್‌ಗಳು ಹಸಿರು, ಗುಲಾಬಿ ಬಣ್ಣದಲ್ಲಿ ಹೊಳೆಯುತ್ತವೆ, ಟಾರ್ಚಿನ ಕೋನ ಬದಲಿಸಿದರೆ ಬಣ್ಣವೂ ಬದಲಾಗುತ್ತದೆ. ಬಣ್ಣದ ಪುಡಿಗೂ ಹಾಳೆಗಳ ಹೊಳಪಿಗೂ ಇರುವ ವ್ಯತ್ಯಾಸ ಅಲ್ಲೇ ಕೈಯಲ್ಲಿ ಸಿಗುತ್ತದೆ. ಚಲನೆಗೆ, ಬದುಕಿರುವ ಸ್ಕ್ವಿಡ್‌ನ ವಿಡಿಯೋವನ್ನು ಕಾಲು ಭಾಗ ವೇಗದಲ್ಲಿ ಓಡಿಸಿ, ಒಂದೇ ಚುಕ್ಕಿಯ ಮೇಲೆ ಕಣ್ಣಿಡಲು ಹೇಳಿ.

ಸಮುದ್ರದಲ್ಲೇ ನೋಡುವ ಅವಕಾಶ ಸಿಕ್ಕಿದರೆ ಅದು ಬೇರೆಯೇ ಅನುಭವ. ರಾತ್ರಿ ಹೊತ್ತು ಬಿಳಿ ಟಾರ್ಚನ್ನು ನೇರ ಅವುಗಳ ಮೇಲೆ ಹಿಡಿಯಬೇಡಿ, ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ಕಾಣದಿರುವುದರಿಂದ ಅದನ್ನೇ ಬಳಸಿ. ಮೊಟ್ಟೆಯ ಗೊಂಚಲು ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಿ ನೋಡಿದರೆ ಸಾಕು. ಬಲಿತ ಮೊಟ್ಟೆಯೊಳಗಿನ ಮರಿಯ ಮೈಮೇಲೆ ಆಗಲೇ ಒಂದೆರಡು ಕೆಂಪು ಚುಕ್ಕಿ ಅರಳಿ ಮುದುಡುತ್ತಿರುತ್ತವೆ. ಎಚ್ಚರಿಕೆ ಬೇಕಿರುವುದು ಸ್ಕ್ವಿಡ್ ಬಗ್ಗೆ ಅಲ್ಲ, ಅದೇ ಬಂಡೆಗಳ ಸಂದಿಯಲ್ಲಿ ಇರಬಹುದಾದ ಪುಟ್ಟ ಆಕ್ಟೋಪಸ್ ಬಗ್ಗೆ. ಮೈಮೇಲೆ ಹೊಳೆಯುವ ನೀಲಿ ಉಂಗುರಗಳು ಮಿಂಚಿದರೆ ಅದು ಎಚ್ಚರಿಕೆಯ ಬಣ್ಣ, ಮಕ್ಕಳನ್ನು ಹಿಂದಕ್ಕೆ ಕರೆದುಕೊಳ್ಳಿ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದರ ಜೊಲ್ಲಿನಲ್ಲಿರುವ ಟೆಟ್ರೊಡೊಟಾಕ್ಸಿನ್‌ಗೆ ಪ್ರತಿವಿಷ ಇಲ್ಲ, ಉಸಿರಾಟ ನಿಲ್ಲದಂತೆ ಆಸ್ಪತ್ರೆಯಲ್ಲಿ ಯಂತ್ರದ ನೆರವು ಕೊಟ್ಟು ವಿಷ ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ.